ಎರಡು ಟಿಕಳಿಯ ಗ್ರಾಫಿಕ್ಸ್

ಸುಮ್ಮನೆ ನಡೆಯುತ್ತಿರುವ ವಸ್ತುವನ್ನು ಸುಮ್ಮನೆ ಬಿಡಲು ನನಗೆ ಬರುವುದಿಲ್ಲ. ಎರಡು ನಿಮಿಷ ಮುಂದೆ ಓಡುತ್ತಿದ್ದ ಗೋಡೆ ಗಡಿಯಾರವನ್ನು ಸರಿಮಾಡಲು ಹೋಗಿ ಕಾಯಮ್ಮಾಗಿ ನಿಲ್ಲಿಸಿದವನು ನಾನು. ಮಾನ್ವಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದು ತೆಗೆದ ದಿನದಿಂದ ಅಲ್ಲಿ ನನಗೆ ಕಂಪ್ಯೂಟರ್ ಬಲ್ಲವನೆಂಬ ಹೆಸರು. ಸಂಜೆ ಬಸ್ಸಿನಲ್ಲಿ ರಾಯಚೂರಿಗೆ ಮರಳುವಾಗ ಆ ಹೆಸರನ್ನು ಮನೆಗೂ ತಂದೆ. ತಪ್ಪಾದದ್ದು ಅಲ್ಲಿಯೇ.

ನಮ್ಮ ಮನೆಯ ಕಂಪ್ಯೂಟರ್ ಹಳೆಯದು. ಗುಂಡಿ ಒತ್ತಿ ಚಹಾಕ್ಕಿಟ್ಟರೆ, ಕುಡಿದು ಲೋಟ ತೊಳೆದಿಡುವ ಹೊತ್ತಿಗೆ ಕಣ್ಣು ಬಿಡುತ್ತದೆ. ಅದರ ಒಡತಿ ನನ್ನ ಹೆಂಡತಿ ಸುಜಾತಾ. ಮದುಮಗಳ ಜಂಪರಿನ, ಅಂದರೆ ಸೀರೆಯ ಕುಪ್ಪಸದ, ಬೆನ್ನಿಗೆ ಜರಿ, ಮಣಿಯ ಕಸೂತಿ ಹಾಕುವುದು ಅವಳ ಉದ್ಯೋಗ, ಹೊಲಿಯುವವರು ಬೇರೆ. ಪರದೆಯ ಮೇಲೆ ನವಿಲಿನ ಚಿತ್ರ ತೆರೆದು, ಅದರ ಮೇಲೆ ತೆಳು ಕಾಗದ ಹಚ್ಚಿ, ಹಿಂದಿನ ಬೆಳಕಿನಲ್ಲಿ ಪೆನ್ಸಿಲ್ ಆಡಿಸಿ ನವಿಲನ್ನು ಕಾಗದಕ್ಕೆ ಇಳಿಸುತ್ತಾಳೆ. ದೇವದುರ್ಗದಿಂದ ಮೊದಲ ಸಲ ಅವಳಿಗೆ ಮದುವೆಯ ಜಂಪರಿನ ಕೆಲಸ ಬಂದಿತ್ತು. ಗುರುವಾರ ಕೊಡಬೇಕು. “ಇದೊಂದು ಛಲೋ ಆತಂದ್ರ ಆ ಊರಾಗ ನನ್ನ ಹೆಸರು ನಿಲ್ಲತದರೀ,” ಎಂದಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಜರಿ ತರಲು ಪೇಟೆಗೆ ಹೋದಳು. ನಾನು ಬಯೋಸ್ ಅಪ್‌ಡೇಟ್ ಮಾಡಲು ಕುಳಿತೆ. ಬಯೋಸ್ ಎಂದರೆ ಕಂಪ್ಯೂಟರ್ ಎದ್ದ ಕೂಡಲೇ ತಾನು ಯಾರು, ತನ್ನ ಕೈಕಾಲು ಎಲ್ಲಿವೆ ಎಂದು ನೆನಪು ಮಾಡಿಕೊಳ್ಳುವ ಜಾಗ. ಅದನ್ನು ಹೊಸದು ಮಾಡಿದರೆ ಯಂತ್ರ ಚುರುಕಾಗುತ್ತದೆಂದು ಎಲ್ಲೋ ಓದಿದ್ದೆ. ನಡುವೆ ಕರೆಂಟು ಹೋದರೆ ಯಂತ್ರವೇ ಹೋಗುತ್ತದೆಂದೂ ಓದಿದ್ದರಿಂದ, ಫ್ಯಾನ್ ಆರಿಸಿ, ಫ್ರಿಜ್ಜಿನ ವೈರು ಕಿತ್ತು, ಬೆವರು ಸುರಿಸುತ್ತ ಉಸಿರು ಬಿಗಿಹಿಡಿದು ಕುಳಿತೆ. ನಮ್ಮ ಫ್ಯಾನಿಗೂ ಊರಿನ ಕರೆಂಟಿಗೂ ಏನು ಸಂಬಂಧವೆಂದು ಈಗ ಕೇಳಬೇಡಿ.

ಕಂಪ್ಯೂಟರ್ ಎದ್ದಿತು. ಆದರೆ ಹಳೆಯ ಸೆಟ್ಟಿಂಗನ್ನೆಲ್ಲ ಮರೆತಿತ್ತು. ಅಕ್ಷರಗಳು ಅಂಗಡಿಯ ಬೋರ್ಡಿನಷ್ಟು ದಪ್ಪ. ನವಿಲಿನ ಕತ್ತು ಮೆಟ್ಟಿಲು ಮೆಟ್ಟಿಲು. ಮತ್ತೆ ಆರಿಸಿ, ಹೊತ್ತಿಸಿ, ಡಿಲೀಟ್ ಕೀಲಿಯನ್ನು ಟಕಟಕ ಒತ್ತಿ ಬಯೋಸ್ ಒಳಗೆ ಹೊಕ್ಕೆ. ಚಿತ್ರಕ್ಕೆಂದು ತೆಗೆದಿಡುವ ಮೆಮೊರಿ ಚೂರೇ ಚೂರು ಉಳಿದಿತ್ತು. ಧಾರಾಳವಾಗಿ ಹೆಚ್ಚಿಸಿದೆ; ಯಂತ್ರ ಆಮೆಯಾಯಿತು. ತಗ್ಗಿಸಿದೆ. ಹೊರಗೆ ಬಂದು ಪರದೆಯ ಸೆಟ್ಟಿಂಗ್ ತಿದ್ದಿದೆ. ನಾಲ್ಕನೆಯ ಸಲಕ್ಕೆ ನವಿಲು ಒಂದೊಂದು ಗರಿಯನ್ನೂ ಎಣಿಸುವಂತೆ ನಿಂತಿತು. ಆ ಖುಷಿಯಲ್ಲಿ ಪರದೆಯನ್ನೂ ಒರೆಸಿದೆ. ಅಲ್ಲಿ ಎರಡು ಕೆಂಪು ಟಿಕಳಿ ಅಂಟಿದ್ದವು. ಹೆಂಗಸರು ಹಣೆಯಿಂದ ತೆಗೆದ ಟಿಕಳಿಯನ್ನು ಕನ್ನಡಿಗೆ ಹಚ್ಚುವುದು ಎಲ್ಲ ಮನೆಯಲ್ಲೂ ಇದ್ದದ್ದೇ, ಇಲ್ಲೂ ಹಚ್ಚಿದ್ದಾಳೆ ಎಂದುಕೊಂಡು ಉಗುರಿನಿಂದ ಕೆರೆದು ಎಸೆದೆ.

ಸುಜಾತಾ ಬಂದಳು. “ನೋಡು, ಗ್ರಾಫಿಕ್ಸ್ ಹ್ಯಾಂಗ ಮಾಡೀನಿ,” ಎಂದೆ.

“ಚಿತ್ರ ಛಲೋ ಅದ. ಟಿಕಳಿ ಎಲ್ಲಿ ಹೋದ್ವು?”

“ಹೊಲಸ ಕಾಣತಿದ್ವು, ತಗದೆ.”

ಅವಳು ಕುರ್ಚಿಯಲ್ಲಿ ಕುಸಿದಳು. “ಅದು ಆ ದೇವದುರ್ಗದ ಹುಡುಗಿ ಬೆನ್ನಿನ ಅಳತಿರೀ! ಈ ಟಿಕಳಿಯಿಂದ ಆ ಟಿಕಳಿತನಕ ಚಿತ್ರ ಹಿಗ್ಗಿಸಿ ಕೂಡಸ್ತಿದ್ದೆ. ಅಳತಿಗೆ ಕೊಟ್ಟಿದ್ದ ಜಂಪರ್ ನಿನ್ನೆ ವಾಪಸ್ ಕಳಿಸೀನಿ.”

“ಬರದಿಟ್ಟಿಲ್ಲೇನು?”

“ಪರದಿ ಮ್ಯಾಲೇ ಬರದಿಟ್ಟಿದ್ದೆ.”

ಫೋನಿನಲ್ಲಿ ಕೇಳೋಣವೆಂದೆ. “ಗೇಣಿನ ಲೆಕ್ಕ ಹೇಳ್ತಾರ. ನವಿಲಿನ ಪುಚ್ಚ ಕಂಕುಳಾಗ ಹೋಗಿ ಕುಂದರತದ,” ಎಂದಳು. ಅವಳ ಕಣ್ಣು ತುಂಬಿದ್ದು ಕಂಡು ನನಗೆ ನಿಜವಾಗಿಯೂ ನಾಚಿಕೆಯಾಯಿತು. ಉಣ್ಣದೆ ದೇವದುರ್ಗದ ಬಸ್ಸು ಹತ್ತಿದೆ.

ಕಂಪ್ಯೂಟರಿನ ಮೇಲಿದ್ದ ಅಳತೆ ಹೋಯಿತೆಂದೆ. ಮದುಮಗಳ ತಾಯಿ ಜಂಪರ್ ತಂದುಕೊಡುತ್ತ, “ಕಂಪ್ಯೂಟರ್ ಕೆಟ್ಟಿತ್ತೇನ್ರಿ?” ಎಂದು ಕೇಳಿದರು.

“ಇಲ್ರಿ ಯವ್ವಾ, ಸುಧಾರಿಸೀನ್ರಿ.”

“ಸುಧಾರಿಸಿದ ಮ್ಯಾಲ ಅಳತಿ ಹೋತೇನ್ರಿ?”

ಜಂಪರನ್ನು ತೊಡೆಯ ಮೇಲಿಟ್ಟುಕೊಂಡು ರಾಯಚೂರಿನತನಕ ಕಿಟಕಿಯ ಹೊರಗೆ ನೋಡುತ್ತ ಬಂದೆ.

ಸಂಜೆ ಸುಜಾತಾ ಜಂಪರನ್ನು ಪರದೆಗೆ ಹಿಡಿದು, ಹೊಸ ಪಾಕೀಟಿನಿಂದ ಆ ಕಡೆಗೊಂದು, ಈ ಕಡೆಗೊಂದು ಟಿಕಳಿ ಹಚ್ಚಿದಳು. ಹಿಗ್ಗಿಸಿದ ನವಿಲು ಎರಡರ ನಡುವೆ ತಣ್ಣಗೆ ಕುಳಿತಿತು. ನನ್ನ ಸೆಟ್ಟಿಂಗಿಗೆ ಇಡೀ ಬೆಳಗು ಹಿಡಿದಿತ್ತು; ಅವಳ ಸೆಟ್ಟಿಂಗಿಗೆ ಅರ್ಧ ನಿಮಿಷ ಹಿಡಿಯಿತು. ಆಮೇಲೆ ಮೂರನೆಯ ಟಿಕಳಿ ಕಿತ್ತು, ಬೆಳಿಗ್ಗೆ ನಾನು ಟಕಟಕ ಒತ್ತಿದ್ದ ಡಿಲೀಟ್ ಕೀಲಿಯ ಮೇಲೆ ಒತ್ತಿ ಅಂಟಿಸಿದಳು.

“ಇದು ಯಾರ ಅಳತಿ?” ಎಂದೆ.

“ನಿಮ್ದು. ಇದನ್ನ ದಾಟಬ್ಯಾಡ್ರಿ.”