ಮೂರು ಬೊಟ್ಟಿನ ಟ್ರಂಕು

ನನ್ನ ಅಣ್ಣನಿಗೆ ಸರಿ ಕಂಡ ವಸ್ತು ಈ ಭೂಮಿಯ ಮೇಲೆ ಒಂದೂ ಇರಲಿಲ್ಲ, ನಾನೂ ಸೇರಿ. ಬೆಂಕಿಪೆಟ್ಟಿಗೆ ಕೊಂಡರೆ ಕಡ್ಡಿ ಎಣಿಸುತ್ತಿದ್ದ. ಸಾಬೂನು ಕೊಂಡರೆ ಅದು ಎಷ್ಟು ದಿನಕ್ಕೆ ಕರಗಿತೆಂದು ಗೋಡೆಯ ಮೇಲೆ ಇದ್ದಿಲಲ್ಲಿ ಗೆರೆ ಹಾಕುತ್ತಿದ್ದ. ಆಮೇಲೆ ಕಂಪೆನಿಗೆ ಒಂದು ಕಾಗದ! ಕಂಪೆನಿಯವರೂ ಬೇರೆ ಕೆಲಸವಿಲ್ಲದವರಂತೆ ಉತ್ತರ ಬರೆಯುತ್ತಿದ್ದರು. ಪುತ್ತೂರಿನಿಂದ ಬಸ್ಸಿನಲ್ಲಿ ಕಡಬಕ್ಕೆ ಬರುವ ಅಂಚೆ ಚೀಲದಲ್ಲಿ ಟೈಪು ಹೊಡೆದ ಲಕೋಟೆ ಒಂದಿದ್ದರೆ ಅದು ಅವನದೇ. ನನಗೆ? ಮದುವೆಯ ಕರೆಯೋಲೆ ಕೂಡ ಅವನ ಹೆಸರಿಗೆ ಬಂದು, ಕೊನೆಯಲ್ಲಿ ‘ಮತ್ತು ತಮ್ಮ’ ಎಂದು ಇರುತ್ತಿತ್ತು.

ನಾನು ಅವನನ್ನು ಕಾಕ ಎನ್ನುತ್ತಿದ್ದೆ. ನಾವು ಬ್ಯಾರಿಗಳು ಅಣ್ಣನನ್ನು ಹಾಗೆ ಕರೆಯುವುದು. ಕಡಬ ಪೇಟೆಯಲ್ಲಿ ನಮ್ಮಿಬ್ಬರದೂ ಸೇರಿ ಒಂದು ಬಟ್ಟೆ ಅಂಗಡಿ ಇತ್ತು. ಬಾಗಿಲು ತೆಗೆಯುವವನು, ಅಳೆಯುವವನು, ಹರಿಯುವವನು, ಮಡಚಿಡುವವನು ನಾನು. ಕಾಕನ ಕೆಲಸ ಬರೆಯುವುದು. ಇಬ್ಬರೂ ಕಲಿತದ್ದು ಒಂದೇ ಶಾಲೆ, ಅದೂ ಐದನೆಯ ಕ್ಲಾಸಿನವರೆಗೆ ಮಾತ್ರ. ಆದರೂ ಸಂಜೆ ನಮ್ಮ ಉಮ್ಮ, ಅಂದರೆ ತಾಯಿ, ಸೊಂಟ ನೋವೆಂದು ಕುಳಿತ ನನ್ನನ್ನು ದಾಟಿ ಹೋಗಿ, ಬರೆದು ಬರೆದು ಬಾಡಿತೆಂದು ಅವನ ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಹೊಟ್ಟೆ ಉರಿಯದೆ ಇರುತ್ತದೆಯೇ, ನೀವೇ ಹೇಳಿ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಉಮ್ಮ ತನ್ನ ತಮ್ಮನ ಜೊತೆ ಹಜ್ಜಿಗೆ ಹೋದಳು. ಬೊಂಬಾಯಿಯಿಂದ ಹಡಗು. ಓದಲು ಬಾರದವಳಿಗೆ ಸಾಮಾನಿನ ಗುರುತು ಬೇಕಲ್ಲ? ಎಲೆಯಡಿಕೆಯ ಪೆಟ್ಟಿಗೆಯಿಂದ ಸುಣ್ಣ ತೆಗೆದು ತನ್ನ ಹಸಿರು ಟ್ರಂಕಿಗೆ ಮೂರು ಬೊಟ್ಟು ಇಟ್ಟಳು. ಹಡಗಿನಲ್ಲಿ ಅದನ್ನು ನೋಡಿದ ನಮ್ಮ ಕಡೆಯ ಹೆಂಗಸರಿಗೆಲ್ಲ ಉಪಾಯ ಬಹಳ ಹಿಡಿಸಿತು. ಸುಣ್ಣ ಎಲ್ಲರ ಬಳಿಯೂ ಇತ್ತು. ಎಲ್ಲರೂ ತಮ್ಮ ತಮ್ಮ ಟ್ರಂಕಿಗೆ ಮೂರು ಮೂರು ಬೊಟ್ಟು ಇಟ್ಟರು!

ಹಾಗಾಗಿ ಉಮ್ಮ ಹಾಜಮ್ಮ ಆಗಿ ಮನೆಗೆ ಬಂದು ಟ್ರಂಕು ತೆರೆದಾಗ ಒಳಗೆ ಯಾರದೋ ದಪ್ಪ ಕನ್ನಡಕ, ಯಾರದೋ ಖರ್ಜೂರ, ಯಾರದೋ ಅಲ್ಯೂಮಿನಿಯಂ ಕೆಟ್ಲು ಇತ್ತು. ಉಮ್ಮ ನೆಲಕ್ಕೆ ಕುಳಿತುಬಿಟ್ಟಳು. ಅವಳ ಟ್ರಂಕಿನಲ್ಲಿ ಇದ್ದದ್ದು ಕಫನ್ ಬಟ್ಟೆ. ತಾನು ಸತ್ತಾಗ ಹೊದಿಸಲೆಂದು ಮಕ್ಕದಲ್ಲಿ ಕೊಂಡು, ತನ್ನ ಕೈಯಿಂದಲೇ ಪುಣ್ಯದ ಝಂಝಂ ಬಾವಿಯ ನೀರಿನಲ್ಲಿ ಅದ್ದಿ, ಅಲ್ಲಿನ ಬಿಸಿಲಿಗೆ ಒಣಗಿಸಿ ತಂದದ್ದು. ಹಜ್ಜಿಗೆ ಹೋದವರು ಹಾಗೆ ತರುವುದು ನಮ್ಮಲ್ಲಿ ರೂಢಿ.

ನಾನು ಸಮಾಧಾನ ಹೇಳಲು ಹೋದೆ. ನಮ್ಮದು ಬಟ್ಟೆ ಅಂಗಡಿ, ಬಿಳಿ ಬಟ್ಟೆಗೆ ಬರವೇ, ಬೇಕಾದಷ್ಟು ಹರಿದು ಕೊಡುತ್ತೇನೆ ಅಂದೆ. ಉಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕಾಕ ಮಸಿಕುಡಿಕೆಯ ಮುಚ್ಚಳ ತೆಗೆದ. ಉಮ್ಮ ಕಣ್ಣೊರೆಸಿಕೊಂಡು ಅವನಿಗೆ ಚಹಾ ಮಾಡಿದಳು. ನನಗೆ ಉಳಿದದ್ದು ತಳದ ಗಸಿ.

ಹಡಗು ಕಂಪೆನಿಗೆ ಹೋದ ಮೊದಲ ಕಾಗದದಲ್ಲಿ ಟ್ರಂಕಿನ ಸಂಗತಿ ನಾಲ್ಕು ಸಾಲು, ಉಳಿದ ದೂರುಗಳು ಮೂರು ಪುಟ. ಚಹಾಕ್ಕೆ ಸಕ್ಕರೆ ಸಾಲದು. ಏಣಿಯ ಮೆಟ್ಟಿಲು ಮುದುಕಿಯರಿಗೆ ಎತ್ತರ. ಹಡಗು ಅಗತ್ಯಕ್ಕಿಂತ ಹೆಚ್ಚು ಅಲುಗಾಡಿತು. ಕಂಪೆನಿಯ ಉತ್ತರ ಇಂಗ್ಲಿಷಿನಲ್ಲಿ ಬಂತು. ಶಾಲೆಯ ಹೆಡ್ಮಾಸ್ತರರು ಅದನ್ನು ಹೋಟೆಲಿನ ಬೆಂಚಿನ ಮೇಲೆ ಕುಳಿತು ಕನ್ನಡ ಮಾಡಿ ಓದಿದರು. ಹಡಗು ಅಲುಗಾಡಿದ್ದಕ್ಕೆ ಕಂಪೆನಿ ವಿಷಾದ ವ್ಯಕ್ತಪಡಿಸಿತ್ತು! ಅರಬ್ಬೀ ಸಮುದ್ರದ ಪರವಾಗಿ ಕ್ಷಮೆ ಕೇಳಿಸಿಕೊಂಡ ಮನುಷ್ಯ ಕಡಬದಲ್ಲಿ ಬೇರೆ ಯಾರಿದ್ದರು? ಅಂದು ಹೋಟೆಲಿನವರು ಅವನಿಗೆ ಕೇಳದೆಯೇ ಗೋಳಿಬಜೆ ತಂದಿಟ್ಟರು.

ಟ್ರಂಕಿನ ಗುರುತು ತಿಳಿಸಿ ಎಂದು ಮುಂದಿನ ಕಾಗದ ಬಂತು. ಹಸಿರು ಬಣ್ಣ, ಸುಣ್ಣದ ಮೂರು ಬೊಟ್ಟು ಎಂದು ಕಾಕ ಬರೆದ. ನಿಮ್ಮ ಕಡೆಯ ಎಲ್ಲ ಟ್ರಂಕುಗಳಿಗೂ ಮೂರು ಬೊಟ್ಟು ಇವೆ, ಇದು ಯಾವುದಾದರೂ ಸಂಘದ ಮುದ್ರೆಯೇ ಎಂದು ಕಂಪೆನಿ ಕೇಳಿತು.

ಕಾಕನಿಗೆ ಆಗ ವಿಷಯ ಹೊಳೆಯಿತು. ಹಜ್ಜಿಗೆ ಹೋಗಿ ಬಂದವರ ಮನೆಗಳಿಗೆಲ್ಲ ಹೇಳಿಕಳಿಸಿದ. ಗುತ್ತಿಗಾರಿನಿಂದ ಒಬ್ಬಳು ಬಂದಳು, ಇಚಿಲಂಪಾಡಿಯಿಂದ ಇನ್ನೊಬ್ಬಳು, ಸುಳ್ಯದಿಂದ ಮತ್ತೊಬ್ಬಳು. ಎಲ್ಲರ ತಲೆಯ ಮೇಲೂ ಇನ್ನೊಬ್ಬರ ಟ್ರಂಕು! ನಮ್ಮ ಅಂಗಡಿಯ ಜಗಲಿಯಲ್ಲಿ ಅದಲುಬದಲು ನಡೆಯಿತು. ಕೆಟ್ಲಿನ ಒಡತಿ ಸಿಕ್ಕಿದಳು. ಕನ್ನಡಕ ಹಾಕಿಕೊಂಡ ಮುದುಕಿ ಮೊದಲು ಕಾಕನ ಮುಖವನ್ನೇ ನೋಡಿ, “ನೀನು ಇಷ್ಟು ಚಂದ ಇದ್ದಿಯಾ ಮಗ” ಅಂದಳು. ಟ್ರಂಕು ಹೊತ್ತು ಹೊತ್ತು ಬೆವರಿದ್ದ ನನ್ನ ಕಡೆ ತಿರುಗಲೇ ಇಲ್ಲ. ಎಲ್ಲರ ಟ್ರಂಕೂ ಸಿಕ್ಕಿತು, ಉಮ್ಮನದೊಂದು ಬಿಟ್ಟು. ಬಂದವರಲ್ಲಿ ಯಾರದೂ ಅಲ್ಲದ ಒಂದು ಟ್ರಂಕು ಜಗಲಿಯಲ್ಲೇ ಉಳಿಯಿತು.

ವರ್ಷಗಳು ಹೋದವು. ಸಣ್ಣ ಜ್ವರ ಬಂದರೂ ಉಮ್ಮ ಕೇಳುತ್ತಿದ್ದದ್ದು ಒಂದೇ, ಟ್ರಂಕು ಬಂತಾ ಎಂದು. ಟ್ರಂಕು ಬಾರದೆ ತನ್ನ ತಾಯಿ ಸಾಯಲು ತಯಾರಿಲ್ಲ, ಈ ವಿಳಂಬಕ್ಕೆ ಕಂಪೆನಿಯೇ ಹೊಣೆ ಎಂದು ಕಾಕ ಬರೆದ. ಅಷ್ಟು ದಿನ ಉಮ್ಮ ಬದುಕುತ್ತಾಳಲ್ಲ, ಬಾರದಿದ್ದರೇ ಒಳ್ಳೆಯದಲ್ಲವೇ ಎಂದು ನಾನು ಅಂದದ್ದು ಉಮ್ಮನ ಕಿವಿಗೆ ಬಿತ್ತು. ಮತ್ತೆ ಎರಡು ದಿನ ಮಾತಿಲ್ಲ.

ಕೊನೆಗೆ ನನಗೂ ಹಟ ಬಂತು. ಯಾರಿಗೂ ಹೇಳದೆ, ಪುತ್ತೂರಿಗೆ ಜವಳಿ ತರಲು ಹೋದ ದಿನ, ಅಲ್ಲಿಯೇ ಕುಳಿತು ಕಂಪೆನಿಗೆ ಒಂದು ಕಾಗದ ಬರೆದು ಹಾಕಿದೆ. ಟ್ರಂಕು ನನ್ನ ಹೆಸರಿಗೆ ಬರಬೇಕು, ಉಮ್ಮನ ಮುಂದೆ ನಾನೇ ಅದನ್ನು ಇಳಿಸಬೇಕು! ಒಂದು ತಿಂಗಳು ಅಂಚೆಯವನ ದಾರಿ ಕಾದೆ. ಉತ್ತರ ಬಂತು, ಕಾಕನ ಹೆಸರಿಗೆ. ‘ತಮ್ಮ ಸಹೋದರರ ಪತ್ರವನ್ನು ತಮ್ಮ ಕಡತಕ್ಕೆ ಸೇರಿಸಿಕೊಳ್ಳಲು ಇದರೊಂದಿಗೆ ಕಳುಹಿಸಿದ್ದೇವೆ.’ ಒಳಗೆ ನನ್ನದೇ ಕಾಗದ.

ಕಾಕ ಅದನ್ನು ಎರಡು ಸಲ ಓದಿದ. “ಅಕ್ಷರ ಒಳ್ಳೆದುಂಟು ಮಾರಾಯ. ಆದರೆ ನಾಲ್ಕು ಕಡೆ ದಯವಿಟ್ಟು ಅಂತ ಬರೆದಿದ್ದಿ. ನಮ್ಮ ಉಮ್ಮನ ಟ್ರಂಕು ಕೇಳುದಕ್ಕೆ ಅವರ ದಯೆ ಎಂತಕೆ?”

ನಾಚಿಕೆಯಿಂದ ನಾನು ಬಟ್ಟೆ ಮಡಚತೊಡಗಿದೆ, ಮೊದಲೇ ಮಡಚಿಟ್ಟದ್ದನ್ನು.

ಆಮೇಲೆ ಒಂದು ದಿನ ಟ್ರಂಕು ಬಂದೇ ಬಂತು. ಕಂಪೆನಿಯವರು ಹುಡುಕಿಸಿದರೆ, ನಮ್ಮಲ್ಲಿ ಉಳಿದಿದ್ದ ಟ್ರಂಕಿನ ಒಡತಿ, ಕೇರಳದ ಒಬ್ಬ ಮುದುಕಿಯ ಮನೆಯಲ್ಲಿ ಇತ್ತಂತೆ. ತೆರೆದು ನೋಡಿ, ಒಳಗಿನ ಬಟ್ಟೆ ಏನೆಂದು ತಿಳಿದು, ಒಡತಿ ಸಿಗುವವರೆಗೆ ಯಾರೂ ಮುಟ್ಟಬಾರದೆಂದು ಅಟ್ಟದಲ್ಲಿ ಇಡಿಸಿದ್ದಳಂತೆ. ಬಸ್ಸಿನ ಮೇಲಿಂದ ಅದನ್ನು ಇಳಿಸಿಕೊಂಡವನು ಕಾಕ. ಆ ವರ್ಷ ಅವನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ನಾನು ಹೊರುತ್ತೇನೆ ಅಂದರೆ ಕೊಡಲಿಲ್ಲ. ಉಮ್ಮ ಬಟ್ಟೆಯನ್ನು ಮೂಸಿ, ಮಗನ ತಲೆ ಸವರಿದಳು. ಇಷ್ಟು ವಯಸ್ಸಾದ ಮೇಲೂ, ಅಲ್ಲಿ ನಿಂತ ನನಗೆ ಹೊಟ್ಟೆಕಿಚ್ಚು! ಕಾಕ ಆಗಲೇ ಹಿಡಿ ಮುರಿದಿದೆ ಎಂದು ಕಂಪೆನಿಗೆ ಬರೆಯಲು ಕುಳಿತಿದ್ದ.

ಎಂಟು ದಿನ ಕಳೆದು, ಅಂಗಡಿಯಲ್ಲಿ, ಕುಳಿತಲ್ಲೇ ಅವನು ಹೋದ.

ಅಂಗಡಿಯಿಂದ ಬಿಳಿ ಬಟ್ಟೆ ತರಲು ನಾನು ಎದ್ದೆ. ಉಮ್ಮ ಬೇಡ ಎಂದು ಕೈ ಅಡ್ಡ ಹಿಡಿದಳು. ಒಳಗೆ ಹೋಗಿ ಆ ಬಟ್ಟೆ ತಂದು ನನ್ನ ಮಡಿಲಲ್ಲಿ ಇಟ್ಟಳು.

“ಉಮ್ಮ, ಇದು ನಿಮ್ಮದಲ್ವಾ?”

“ತರಿಸಿದ್ದು ಅವನಲ್ವಾ,” ಅಂದಳು. “ಹೆಂಗಸರಿಗೆ ಐದು ತುಂಡು ಅಂತ ತಂದದ್ದು. ಗಂಡಸರಿಗೆ ಮೂರು ಸಾಕು. ಹರಿ.”

ಮೂವತ್ತು ವರ್ಷ ಬಟ್ಟೆ ಹರಿದ ಕೈ ನನ್ನದು. ಅಂದು ನೂಲು ಹಿಡಿದು ನೇರ ಹರಿಯಲು ಆಗಲಿಲ್ಲ. ಮೂರು ತುಂಡೂ ಸೊಟ್ಟ. ಕಾಕ ಇದ್ದಿದ್ದರೆ ನನ್ನ ಮೇಲೆ ನನಗೇ ಒಂದು ಕಾಗದ ಬರೆಯುತ್ತಿದ್ದ.

ವಾರ ಕಳೆದ ಮೇಲೆ ಉಮ್ಮ ಉಳಿದ ಬಟ್ಟೆಯನ್ನು ತಂದು, ಒಂದು ತುದಿ ಹಿಡಿ ಎಂದಳು. ಇನ್ನೊಂದು ತುದಿಯನ್ನು ತಾನೇ ಹಿಡಿದು, ನಡುವೆ ಹಲ್ಲಿನಿಂದ ಕಚ್ಚಿ ಎರಡಾಗಿ ಹರಿದಳು.

“ಇದು ನನಗೆ. ಅದು ನಿನಗೆ, ನಿನ್ನ ಕಾಲಕ್ಕೆ. ಕಮ್ಮಿ ಬಿದ್ದದ್ದು ಅಂಗಡಿಯದ್ದೇ ಸೇರಿಸುವ. ಸಮ ಉಂಟಾ ನೋಡು, ನಿನಗಲ್ವಾ ಅಳೆಯಲಿಕ್ಕೆ ಬರುದು?”

ನಾನು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ನನ್ನದು ನಾಲ್ಕು ಬೆರಳು ಉದ್ದ ಇತ್ತು.

ಸಮ ಉಂಟು ಉಮ್ಮ, ಅಂದೆ.