ಹದಿನೇಳನೇ ನಂಬರಿನ ಅಂಗಿ

ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ ಕಂಡವನು ಐಸ್ ಹಾಕಿಯ ಅಭಿಮಾನಿಯಾಗಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದರೂ ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ ಕೂತು ಸ್ಲೊವಾಕಿಯಾದ ಆಟಗಾರನೊಬ್ಬನಿಗಾಗಿ ಹರಕೆ ಹೊತ್ತವನು ನಾನೊಬ್ಬನೇ ಇರಬೇಕು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ರಬಾಳೆಯ ನಮ್ಮ ಕಾರ್ಖಾನೆಗೆ ಒಂದು ಯಂತ್ರ ಬಂತು. ಅದನ್ನು ಕೂಡಿಸಲು ಸ್ಲೊವಾಕಿಯಾದ ಎಂಜಿನಿಯರನೊಬ್ಬ ಬಂದ. ಸ್ಟೋರಿನಲ್ಲಿದ್ದ ನಾನು ಅವನಿಗೆ ದಿನವೂ ನಟ್ಟು ಬೋಲ್ಟಿನ ಜೊತೆಗೆ ನನ್ನ ಊಟದ ನೀರುದೋಸೆಯನ್ನೂ ಕೊಟ್ಟೆ. ಹೊರಡುವಾಗ ಅವನು ತನ್ನ ತಮ್ಮನ ಆಟದ ಅಂಗಿಯನ್ನು ನನ್ನ ಕೈಯಲ್ಲಿಟ್ಟ. ಕೆಂಪು ಅಂಗಿ, ಬೆನ್ನ ಮೇಲೆ ಹದಿನೇಳು. ತಮ್ಮ ಅಲ್ಲಿ ಐಸ್ ಹಾಕಿಯ ಫಾರ್ವರ್ಡ್ ಅಂತೆ; ಎದುರಿನವರನ್ನು ಸೀಳಿಕೊಂಡು ಮುಂದೆ ನುಗ್ಗಿ ಗೋಲು ಹೊಡೆಯುವವನು.

ಅಂದಿನಿಂದ ಅವನ ಏಳುಬೀಳೆಲ್ಲ ನನ್ನದಾಯಿತು. ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಅವನ ಕ್ಲಬ್ಬಿನ ಪುಟ ತೆರೆಯುತ್ತಿದ್ದೆ. ಭಾಷೆ ಬಾರದು, ಅಂಕಿ ಮಾತ್ರ ಗೊತ್ತಾಗುತ್ತಿತ್ತು. ಸ್ವಂತ ಊರಿನ ತಂಡದಿಂದ ರಾಜಧಾನಿಗೆ, ಅಲ್ಲಿಂದ ಚೆಕ್ ದೇಶಕ್ಕೆ, ಮತ್ತೆ ರಷ್ಯಾಕ್ಕೆ ಅವನು ಜಿಗಿದ. ಮೊಣಕಾಲು ಕೆಟ್ಟು ಅವನು ಇಡೀ ಸೀಸನ್ ಕೂತಾಗ ನಾನು ನಮ್ಮೂರ ದೇವರಿಗೆ ಹೂವಿನ ಪೂಜೆ ಹೇಳಿಕೊಂಡು, ಥಾಣೆ ರೈಲು ನಿಲ್ದಾಣದ ಮೆಟ್ಟಿಲುಗಳನ್ನು ಕುಂಟುತ್ತಾ ಹತ್ತಿದೆ. ಅವನು ತಂಡದ ಮೇಲೆ ತಂಡ ಬದಲಿಸಿದ. ನಾನು ಲೋಕಲ್ ರೈಲಿನಲ್ಲಿ ಬೋಗಿಯನ್ನೂ ಬದಲಿಸಲಿಲ್ಲ. ಇಬ್ಬರಲ್ಲಿ ಒಬ್ಬನಾದರೂ ಮುಂದೆ ಹೋಗುತ್ತಿದ್ದಾನಲ್ಲ ಎಂದು ಸಮಾಧಾನಪಟ್ಟೆ. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಮನಸ್ಸು ತಣ್ಣಗಾಗುತ್ತದೆ.

ಕೊನೆಗೆ ತಲೆಗೂದಲು ಉದುರಿದ ಮೇಲೆ, ಅವನದೂ ನನ್ನದೂ, ಅವನು ಸ್ವಂತ ಊರಿನ ತಂಡಕ್ಕೇ ಮರಳಿದ. ಕೊನೆಯ ಪಂದ್ಯ ಯಾವ ದಿನವೆಂದು ಎಂಜಿನಿಯರನೇ ಈಮೇಲಿನಲ್ಲಿ ತಿಳಿಸಿದ. ಅಂದು ಆ ಅಂಗಿ ತೊಟ್ಟೇ ಕೂರಬೇಕೆಂದು ಕಪಾಟು ತೆರೆದರೆ ಅಂಗಿಯೇ ಇಲ್ಲ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ನಮ್ಮ ಬಿಲ್ಡಿಂಗಿಗೆ ಬಂದು ಹೋಗಿದ್ದಳು.

"ಎಂತ ಮಾರಾಯ್ರೆ, ಒಂದು ಅಂಗಿಗೆ ಇಷ್ಟು ಗಲಾಟೆ!" ಎಂದಳು ಹೆಂಡತಿ. "ನಿಮ್ಮ ಮದುವೆ ಸೂಟಿಗೆ ಒಂದು ಸೌಟು ಕೊಡ್ಲಿಕ್ಕೂ ಅವಳು ಒಪ್ಲಿಲ್ಲ. ಇದೊಂದಕ್ಕೆ ಮುಚ್ಚಳ ಇರುವ ಡಬ್ಬ ಬಂತು, ಗೊತ್ತುಂಟಾ?"

ಆ ಆಟಗಾರನ ಬಗ್ಗೆ ಹೆಮ್ಮೆ, ನನ್ನ ಬಗ್ಗೆ ದುಃಖ, ಎರಡೂ ಒಟ್ಟಿಗೇ ಬಂದವು. ಕೊನೆಯ ಪಂದ್ಯವನ್ನು ಬನಿಯನ್ನಿನಲ್ಲೇ ಕೂತು, ಮೊಬೈಲಿನಲ್ಲಿ ಅಂಕಿ ನೋಡಿ ಮುಗಿಸಿದೆ. ಮರುದಿನದಿಂದ ನನ್ನ ಊಟ ಅದೇ ಡಬ್ಬದಲ್ಲಿ.

ಕೆಲವು ತಿಂಗಳ ನಂತರ ಒಂದು ಸಂಜೆ, ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ನನ್ನ ಕಣ್ಣೆದುರೇ ಹದಿನೇಳು ನಿಂತಿತ್ತು! ಸಿಮೆಂಟಿನ ಧೂಳು ಮೆತ್ತಿದ್ದರೂ ಅದೇ ಕೆಂಪು. ತೊಟ್ಟವನು ಫೋನಿನಲ್ಲಿ ಕಲಬುರಗಿಯ ಕನ್ನಡ ಆಡುತ್ತಿದ್ದುದರಿಂದ ಧೈರ್ಯ ಬಂತು. ಅಂಗಿ ಎಲ್ಲಿ ಸಿಕ್ಕಿತೆಂದು ಕೇಳಿದೆ.

"ದಿವಾ ಟೇಶನ್ ಹೊರಗ ರಸ್ತಾದ ಮ್ಯಾಲ ತಗೊಂಡೀನ್ರಿ. ಯಾಕ್ರಿ, ನಿಮ್ದೇನು?"

ನನ್ನದೆನ್ನಲು ಬಾಯಿ ಬರಲಿಲ್ಲ. ಬದಲಿಗೆ ಅಂಗಿಯ ನಿಜವಾದ ಒಡೆಯನ ಚರಿತ್ರೆಯನ್ನು ಮೊಣಕಾಲು ಸಮೇತ ಹೇಳಿದೆ. ಪಾಪ, ಪೂರ್ತಿ ಕೇಳಿದ.

"ಹಂಗಾರ ಕೊನೀಗಿ ತನ್ನ ಊರಾಗೇ ಆಡಿದ್ನೇನ್ರಿ? ಪುಣ್ಯವಂತ ಬಿಡ್ರಿ," ಎಂದ.

ಅಷ್ಟರಲ್ಲಿ ಗಾಡಿ ಬಂತು. ಹದಿನೇಳು ಭುಜ ತಗ್ಗಿಸಿ, ಎಡಕ್ಕೊಬ್ಬನನ್ನು ಬಲಕ್ಕೊಬ್ಬನನ್ನು ಸರಿಸಿ, ಒಳನುಗ್ಗಿ ಕಿಟಕಿಯ ಸೀಟನ್ನೇ ಹಿಡಿಯಿತು. ಇಷ್ಟು ವರ್ಷ ಬರೀ ಅಂಕಿಯಲ್ಲಿ ನೋಡಿದ್ದ ಆಟವನ್ನು ಅಂದು ಕಣ್ಣಾರೆ ಕಂಡೆ.

"ಬರ್ರಿ ಸಾಹೇಬ್ರ, ನಿಮಗೂ ಜಾಗಾ ಹಿಡದೀನಿ!" ಎಂದು ಅವನು ಕಿಟಕಿಯಿಂದ ಕೂಗಿದ. ಮುಂದೆ ನುಗ್ಗುವವನ ಬದುಕನ್ನು ಅಷ್ಟು ವರ್ಷ ಬಾಯಿಪಾಠ ಮಾಡಿದ್ದ ನಾನು, ಮುಚ್ಚಳವಿರುವ ಡಬ್ಬವನ್ನು ಎದೆಗವಚಿಕೊಂಡು ನೂಕುನುಗ್ಗಲಿನ ಹಿಂದೆ ಪ್ಲಾಟ್‌ಫಾರ್ಮಿನಲ್ಲೇ ಉಳಿದೆ.