ಬಾಡಿಗೆ ಮನೆಯಲ್ಲಿ ಕೃತಕ ಬುದ್ಧಿ

ಕಳೆದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ದಕ್ಷಿಣ ಕೋಲ್ಕತ್ತದ ಒಂದು ಮನೆಯ ಕಂಪ್ಯೂಟರಿನಿಂದ ಮೀನುಗಳೆಲ್ಲ ಕಣ್ಮರೆಯಾದವು. ಪ್ರಾಣಹಾನಿ ವರದಿಯಾಗಿಲ್ಲ. ಮನೆ ನಾವು ಬಾಡಿಗೆಗಿರುವುದು, ಕೃತ್ಯ ನನ್ನದು. ವಾರವೆಲ್ಲ ಕಂಪನಿಗಾಗಿ ವೆಬ್‌ಸೈಟ್ ಕಟ್ಟಿ, ರಜೆಯ ದಿನ ಹವ್ಯಾಸಕ್ಕೆಂದು ಮತ್ತೆ ಅದನ್ನೇ ಮಾಡುವವನ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ಆ ದಿನಗಳಲ್ಲಿ ನಡೆಯಬಾರದಿತ್ತು. ಬಾಡಿಗೆ ಕರಾರು ಮುಗಿಯುತ್ತ ಬಂದಿತ್ತು. ನವೀಕರಿಸುವ ಮಾತೆತ್ತಿದರೆ ಕೆಳಗಿನ ಮನೆಯಲ್ಲಿರುವ ಮಾಲೀಕರು "ನೋಡೋಣ" ಎನ್ನುತ್ತಿದ್ದರು. ಮಗಳ ಶಾಲೆ ಪಕ್ಕದ ಬೀದಿಯಲ್ಲಿ, ಹೆಂಡತಿಗೆ ಬಿಬಿಡಿ ಬಾಗ್‌ನ ಆಫೀಸಿಗೆ ನೇರ ಬಸ್ಸು. ಇಂಥ ಮನೆ ಮತ್ತೆ ಸಿಗುವಂಥದಲ್ಲ.

"ರೀ, ಕರಾರಿಗೆ ಸಹಿ ಬೀಳೋವರೆಗಾದ್ರೂ ಏನೂ ಕಂಡುಹಿಡೀಬೇಡಿ" ಎಂದಿದ್ದಳು ಹೆಂಡತಿ.

೧. ಮೀನು

ಮೈಸೂರಿನಿಂದ ಬಂದಿದ್ದ ಅತ್ತೆ ಕಂಪ್ಯೂಟರಿನಲ್ಲಿ ತರಕಾರಿ ತರಿಸುವುದನ್ನು ಕಲಿತಿದ್ದರು. ಕೊತ್ತಂಬರಿ ಸೊಪ್ಪು ಹುಡುಕಿದರೆ ಪಕ್ಕದಲ್ಲೇ ಒಂದು ರೋಹು ಮೀನು ಅವರನ್ನೇ ನೋಡುತ್ತಿತ್ತು. "ಅದು ಕಣ್ಣೇ ಮುಚ್ಚೋದಿಲ್ಲವಲ್ಲಪ್ಪ" ಎಂದರು.

ಅತ್ತೆಯ ಸಂಕಟ ನೋಡಿಕೊಂಡು ಅಳಿಯ ಸುಮ್ಮನಿರಲಾದೀತೇ. ಬ್ರೌಸರಿಗೆ ಅಂಟಿಸುವ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಪುಟದಲ್ಲಿರುವ ಪ್ರತಿ ಚಿತ್ರವನ್ನೂ ಎಐ ನೋಡುತ್ತದೆ. ಮೀನು ಕಂಡರೆ ಆ ಚಿತ್ರವನ್ನು ತೆಗೆದು ಚೆಂಡುಹೂವಿನ ಹಾರದ ಚಿತ್ರ ಹಾಕುತ್ತದೆ. ಅತ್ತೆ ನೆಮ್ಮದಿಯಾಗಿ ಸೊಪ್ಪು ತರಿಸಿದರು.

ಮಾಲೀಕರನ್ನು ನಾವು ಕಾಕು ಎನ್ನುತ್ತೇವೆ, ಬಂಗಾಳಿಯಲ್ಲಿ ಚಿಕ್ಕಪ್ಪ. ನಿವೃತ್ತ ಸರ್ಕಾರಿ ಅಧಿಕಾರಿ, ಬೀದಿಯ ಪೂಜಾ ಸಮಿತಿಗೆ ಅಧ್ಯಕ್ಷರು. ಅಂದು ಸಂಜೆ ಸಮಿತಿಯ ಹೊಸ ವೆಬ್‌ಸೈಟ್ ತೋರಿಸಲೆಂದು ಮೇಲೆ ಬಂದರು. ಅಧ್ಯಕ್ಷರ ಪುಟ ತೆರೆದೆ. ದೊಡ್ಡದೊಂದು ಹಿಲ್ಸಾ ಮೀನು ಎತ್ತಿ ಹಿಡಿದು ನಿಂತ ಭಾವಚಿತ್ರವನ್ನು ಅವರು ಅಲ್ಲಿ ಹಾಕಿಸಿದ್ದರಂತೆ. ನಮ್ಮ ಪರದೆಯ ಮೇಲೆ ಬಂದದ್ದು ಅವರ ಹೆಸರು, ಹುಟ್ಟಿದ ವರ್ಷ, ನಡುವೆ ಹೂವಿನ ಹಾರ.

ಕಾಕು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಯಾವಾಗ ಆಯಿತು?" ಎಂದು ಕೇಳಿದರು.

೨. ಊಟ

ತಾವು ಬದುಕಿರುವುದು ಖಚಿತವಾದ ಮೇಲೆ ಕಾಕುವಿಗೆ ನನ್ನ ವಿದ್ಯೆಯ ಮೇಲೆ ಗೌರವ ಬಂತು. ಸಮಿತಿಯ ವೆಬ್‌ಸೈಟಿಗೆ ಬರುವ ದೂರುಗಳಿಗೆ ಉತ್ತರಿಸುವ ಒಂದು ಎಐ ಬೇಕೆಂದರು. "ನಮ್ಮ ಬೀದಿಯ ಮರ್ಯಾದೆ ಉಳಿಯುವ ಹಾಗೆ ಮಾತಾಡಬೇಕು."

ನನಗೆ ಗೊತ್ತಿರುವುದು ಮೈಸೂರಿನ ಮರ್ಯಾದೆ. ಯಾರನ್ನೂ "ಊಟ ಮಾಡಿಕೊಂಡು ಹೋಗಿ" ಎನ್ನದೆ ಕಳಿಸಬಾರದು ಎಂದು ಎಐಗೆ ಸೂಚನೆ ಬರೆದೆ. ನಮ್ಮಲ್ಲಿ ಅದು ಬಂದವರು ಚಪ್ಪಲಿ ಮೆಟ್ಟಿಕೊಂಡ ಮೇಲೆ ಹೇಳುವ ಮಾತು. "ಅಯ್ಯೋ, ಈಗ ತಾನೇ ಆಯ್ತು" ಎಂದು ಅವರು ಹೊರಡಬೇಕು. ಈ ಎರಡನೆಯ ಭಾಗ ಕೋಲ್ಕತ್ತಕ್ಕೆ ಗೊತ್ತಿರಲಿಲ್ಲ.

ಸರಸ್ವತಿ ಪೂಜೆಯ ಧ್ವನಿವರ್ಧಕದಿಂದ ನಿದ್ದೆಯಿಲ್ಲ ಎಂದು ದೂರಿದ ಒಬ್ಬರಿಗೆ ಎಐ ವಿಷಾದ ತಿಳಿಸಿ, ಅಧ್ಯಕ್ಷರ ಮನೆಗೆ ಊಟಕ್ಕೆ ಕರೆಯಿತು. ವಿಳಾಸ ವೆಬ್‌ಸೈಟಿನಲ್ಲೇ ಇತ್ತು. ಭಾನುವಾರ ಮಧ್ಯಾಹ್ನ ಅವರು ಸಂಸಾರ ಸಮೇತ, ಸಂದೇಶ್ ಸಿಹಿಯ ಪೊಟ್ಟಣ ಹಿಡಿದು ಬಂದರು. ಕಾಕು ಎದುರು ನಿಂತು ಬಡಿಸಿದರು. ಆಮೇಲೆ ಮೆಟ್ಟಿಲ ಬಳಿ ಬಂದು ನನ್ನನ್ನು ಕರೆದರು.

"ಕಸದ ಬಗ್ಗೆ ದೂರಿದವರು ಎಷ್ಟು ಹೊತ್ತಿಗೆ ಬರುತ್ತಾರೆ? ಇನ್ನೊಂದು ಸಲ ಅನ್ನಕ್ಕಿಡಬೇಕಾ ಅಂತ ಇವಳು ಕೇಳುತ್ತಿದ್ದಾಳೆ."

೩. ಪತ್ರ

ಹೆಂಡತಿ ಬೇರೆ ಬಾಡಿಗೆ ಮನೆಗಳ ಜಾಹೀರಾತು ನೋಡತೊಡಗಿದಳು. ಕಾಕುವನ್ನು ಸಮಾಧಾನಪಡಿಸಲು ನಾನು ಅವರ ಬ್ರೌಸರಿಗೆ ಒಂದು ಉಡುಗೊರೆ ಹಾಕಿಕೊಟ್ಟೆ. ಆಫೀಸಿನಲ್ಲಿ ಅವರು ಒಂದು ಮಾತು ಹೇಳಿದರೆ ಸ್ಟೆನೋ ಒಂದು ಪುಟ ಮಾಡುತ್ತಿದ್ದನಂತೆ. ನಿವೃತ್ತಿಯ ನಂತರ ಆ ಸುಖ ತಪ್ಪಿತ್ತು. ಈಗ ಅವರು ಒಂದು ಸಾಲು ಟೈಪ್ ಮಾಡಿದರೆ ಎಐ ಅದನ್ನು ಘನವಾದ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಪತ್ರವಾಗಿಸುತ್ತಿತ್ತು.

ಪುಟಗಟ್ಟಲೆ ಪತ್ರ ಓದುವ ತಾಳ್ಮೆ ನನಗಿಲ್ಲ. ಬಂದ ಪತ್ರವನ್ನೆಲ್ಲ ಒಂದು ಸಾಲಿಗೆ ಇಳಿಸುವ ಎಐ ನನ್ನ ಬ್ರೌಸರಿನಲ್ಲಿತ್ತು.

ಕರಾರಿನ ಬಗ್ಗೆ ತಮ್ಮ ತೀರ್ಮಾನವನ್ನು ಕಾಕು ಮೇಲ್ ಮಾಡಿದರು. ನನ್ನ ಪರದೆಯ ಮೇಲೆ ಬಂದ ಸಾಲು ಇದು: ನೀವು ಮನೆ ಬಿಟ್ಟು ಹೊರಡುತ್ತಿರುವುದಕ್ಕೆ ಮಾಲೀಕರು ದುಃಖದಿಂದ ವಿದಾಯ ಹೇಳಿದ್ದಾರೆ.

ಹೆಂಡತಿ ಓದಿ, ಬೀರುವಿನ ಮೇಲಿಂದ ಸೂಟ್‌ಕೇಸ್ ಇಳಿಸಿದಳು. ಅತ್ತೆ ಉಪ್ಪಿನಕಾಯಿ ಜಾಡಿಗೆ ಹಳೆ ಸೀರೆ ಸುತ್ತತೊಡಗಿದರು.

"ಪೂರ್ತಿ ಪತ್ರ ಓದಿದ್ರಾ?" ಎಂದಳು ಹೆಂಡತಿ.

"ತುಂಬ ಉದ್ದ ಇದೆ ಕಣೆ."

"ಮನೆ ಹೋಗ್ತಾ ಇದೆ. ಓದಿ."

ಓದಿದೆ. ಮೊದಲ ಪುಟದಲ್ಲಿ ಕಾಕುವಿನ ತಾತ ಮನೆಗೆ ಅಡಿಪಾಯ ಹಾಕುತ್ತಿದ್ದರು. ಆಮೇಲೆ ಬಂಗಾಳ ಮತ್ತು ಕರ್ನಾಟಕದ ಬಾಂಧವ್ಯ. ಮುಂದೆ "ವಿಧಿಯು ಎಂದಾದರೊಂದು ದಿನ ನಿಮ್ಮನ್ನು ಈ ಸೂರಿನಿಂದ ದೂರ ಕರೆದೊಯ್ದರೂ" ಎಂಬಲ್ಲಿಂದ ಶುರುವಾಗಿ ಎಐ ಕೊನೆಯವರೆಗೂ ಅತ್ತಿತ್ತು. ನಾವು ಇರಬೇಕೋ ಬಿಡಬೇಕೋ ಎಂಬುದು ಎಲ್ಲೂ ಇರಲಿಲ್ಲ.

ಕೆಳಗಿಳಿದೆ. ಕಾಕು ಚಹಾ ಕುಡಿಯುತ್ತಿದ್ದರು.

"ಕಾಕು, ಪತ್ರದಲ್ಲಿ ಏನು ಬರೆದಿದ್ದೀರಿ?"

"ಯಾಕೆ, ತಲುಪಲಿಲ್ಲವಾ?"

"ತಲುಪಿತು. ಓದಿದೆ. ಅದಕ್ಕೇ ಕೇಳುತ್ತಿದ್ದೇನೆ."

"ನಾನು ಬರೆದದ್ದು 'ಇಲ್ಲೇ ಇರಿ' ಅಂತ ಅಷ್ಟೇ. ಮಿಕ್ಕದ್ದು ನೀನು ಕೊಟ್ಟ ಸ್ಟೆನೋ ಬರೆದದ್ದು."

"ಕಳಿಸುವ ಮುಂಚೆ ಒಂದು ಸಲ ಓದಲಿಲ್ಲವಾ?"

"ಅಷ್ಟುದ್ದ ಯಾರಪ್ಪ ಓದುತ್ತಾರೆ" ಎಂದರು ಕಾಕು.

ಮರುದಿನ ಕರಾರಿಗೆ ಇಬ್ಬರೂ ಸಹಿ ಹಾಕಿದೆವು. ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಷರತ್ತಿನ ಕೆಳಗೆ ಪೆನ್ನಿನಲ್ಲಿ ಇನ್ನೊಂದು ಸೇರಿದೆ: ಬಾಡಿಗೆದಾರರು ಮಾಲೀಕರ ಕಂಪ್ಯೂಟರನ್ನು ಮುಟ್ಟತಕ್ಕದ್ದಲ್ಲ. ಸಾಕ್ಷಿಯಾಗಿ ನನ್ನ ಹೆಂಡತಿ ಸಹಿ ಮಾಡಿದ್ದಾಳೆ.